ಅಟ್ಟದ ಮೇಲಿನ ಗೂಡುದೀಪ: ಹಳೆಯ ಹಬ್ಬದ ಸಾಮಾನು ಕೂಡಿಡುವುದು ಹೇಗೆ

ಉಡುಪಿ ಹತ್ತಿರದ ಕಟಪಾಡಿಯ ನಮ್ಮ ಹಳೆಮನೆ ಕೆಡವುವ ಎರಡು ದಿನ ಮೊದಲು ಅಟ್ಟ ಹತ್ತಿದ್ದೆ. ಅಲ್ಲಿ ಮುರಿದ ಬುಟ್ಟಿಗಳ ಹಿಂದೆ ಒಂದು ಬಿದಿರಿನ ಪಂಜರ ಸಿಕ್ಕಿತು. ಕಾಗದವೆಲ್ಲ ಹೋಗಿತ್ತು. ಒಂದು ಮೂಲೆಯಲ್ಲಿ ಮಾತ್ರ ಕೆಂಪು ಗ್ಲಾಸ್ ಪೇಪರಿನ ಬೆರಳಗಲದ ಚೂರು ಅಂಟಿಕೊಂಡಿತ್ತು. ಮೇಲಿನ ಕಡ್ಡಿಗಳಿಗೆ ಮಸಿ ಹಿಡಿದಿತ್ತು. ಅದು ಅಜ್ಜ ಕಟ್ಟಿದ ಗೂಡುದೀಪ. ಪರ್ಬದ, ಅಂದರೆ ದೀಪಾವಳಿಯ ಸಂಜೆ ಅದನ್ನು ಹಗ್ಗದಲ್ಲಿ ಮೇಲೆ ಎಳೆಯುವಾಗ ಒಳಗಿನ ಹಣತೆ ಆರದ ಹಾಗೆ ನಿಧಾನಕ್ಕೆ ಎಳೆಯಬೇಕಿತ್ತು, ಆ ವರ್ಷ ಹಗ್ಗ ಹಿಡಿಯುವ ಸರದಿ ಯಾರದು ಅಂತ ನಾವು ಮಕ್ಕಳು ಒಂದು ವಾರ ಮೊದಲೇ ಜಗಳ ಶುರು ಮಾಡುತ್ತಿದ್ದೆವು. ಕಡ್ಡಿಯ ಮೇಲಿನ ಮಸಿ ಆ ಹಣತೆಯದು.

ಅಲ್ಲಿಂದ ಶುರುವಾದದ್ದು. ಈಗ ನನ್ನ ಬಳಿ ಗೂಡುದೀಪಗಳಿವೆ, ಕೃಷ್ಣಾಷ್ಟಮಿಗೂ ಮಾರ್ನೆಮಿಗೂ (ನವರಾತ್ರಿಗೆ ನಾವು ಹೇಳುವ ಹೆಸರು) ಹಾಕುತ್ತಿದ್ದ ಕಾಗದದ ಮುಖವಾಡಗಳಿವೆ, ಕ್ರಿಸ್‌ಮಸ್ ನಕ್ಷತ್ರಗಳಿವೆ, ಗೋದಲಿಯ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿಯ, ಗೊಂಬೆಗಳಿವೆ. ಕೂಡಿಡಲು ಶುರು ಮಾಡುವುದು ಹೇಗೆ ಅಂತ ಕೆಲವರು ಕೇಳಿದ್ದಾರೆ. ನನಗೆ ಗೊತ್ತಿರುವುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಅಮೆರಿಕದಲ್ಲಿ ಹ್ಯಾಲೋವೀನ್ ಸಾಮಾನು ಕೂಡಿಡುವವರು ತುಂಬಾ ಜನ ಇದ್ದಾರೆ. ಅಕ್ಟೋಬರ್ 31ರ ರಾತ್ರಿ ಅಲ್ಲಿನ ಮಕ್ಕಳು ವೇಷ ಹಾಕಿ ಮನೆ ಮನೆಗೆ ಹೋಗಿ ಮಿಠಾಯಿ ಕೇಳುತ್ತಾರೆ. ನಮ್ಮ ಮಾರ್ನೆಮಿಗೆ ಹುಲಿ, ಸಿಂಹ, ಕರಡಿ ವೇಷಗಳು ಅಂಗಳಕ್ಕೆ ಬರುತ್ತವಲ್ಲ, ನನಗೆ ಅದೇ ನೆನಪಾಗುತ್ತದೆ. ನೂರು ವರ್ಷದ ಹಿಂದೆ ಬೀಸ್ಟಲ್ ಎಂಬ ಕಂಪನಿ ರಟ್ಟಿನ ಬೆಕ್ಕು, ಕಾಗದದ ಕುಂಬಳಕಾಯಿ ಮಾಡಿ ಮಾರುತ್ತಿತ್ತು, ಡೆನಿಸನ್ ಎಂಬ ಇನ್ನೊಂದು ಕಂಪನಿ ಕ್ರೇಪ್ ಕಾಗದ ಮಾರುತ್ತಿತ್ತು, ಜರ್ಮನಿಯಿಂದಲೂ ಅರೆದ ಕಾಗದದ ಗೊಂಬೆಗಳು ಹಡಗಿನಲ್ಲಿ ಬರುತ್ತಿದ್ದವು. ಹಬ್ಬ ಮುಗಿದ ಮೇಲೆ ಎಲ್ಲರೂ ಎಸೆಯುತ್ತಿದ್ದರು. ಎಸೆದದ್ದರಿಂದಲೇ ಉಳಿದ ಕೆಲವಕ್ಕೆ ಇವತ್ತು ಅಷ್ಟು ಬೆಲೆ. ಬೀಸ್ಟಲ್‌ನವರು ಜೇನುಗೂಡಿನ ಹಾಗೆ ಬಿಚ್ಚಿಕೊಳ್ಳುವ ತೆಳು ಕಾಗದದಿಂದಲೂ ಅಲಂಕಾರ ಮಾಡುತ್ತಿದ್ದರು. ಮಂಗಳೂರಿನಲ್ಲಿ ಕ್ರಿಸ್‌ಮಸ್‌ಗೆ, ಹುಟ್ಟುಹಬ್ಬಕ್ಕೆ ತೂಗುಹಾಕುವ ಕೆಂಪು ಕಾಗದದ ಗಂಟೆ ನೋಡಿದ್ದೀರಲ್ಲ, ಅದೂ ಅದೇ ಜಾತಿಯದು. ನಮ್ಮಲ್ಲಿ ಅದನ್ನು ಯಾರೂ ಲೆಕ್ಕಕ್ಕೆ ಹಿಡಿದಿಲ್ಲ, ಇನ್ನೂ ಎಸೆಯುತ್ತಲೇ ಇದ್ದೇವೆ. ಹಾಗಾಗಿ ಶುರು ಮಾಡಲು ಇದೇ ಹೊತ್ತು.

ಮೊದಲು ನಿಮ್ಮದೇ ಅಟ್ಟ

ಅಂಗಡಿಗೆ ಹೋಗಬೇಡಿ. ಮೊದಲು ನಿಮ್ಮ ಮನೆ, ಆಮೇಲೆ ಅಜ್ಜಿಮನೆ, ಆಮೇಲೆ ನೆಂಟರ ಮನೆ. "ಹಳೆ ಸಾಮಾನು ಏನಾದರೂ ಇದೆಯಾ?" ಅಂತ ಕೇಳಿದರೆ ಎಲ್ಲರೂ ಹಿತ್ತಾಳೆ ಪಾತ್ರೆ ತೋರಿಸುತ್ತಾರೆ, ಇಲ್ಲವೇ ಇಲ್ಲ ಅನ್ನುತ್ತಾರೆ. ಮುರಿದ ಕಾಗದದ ಹುಲಿಮುಖವನ್ನು ಯಾರೂ ಸಾಮಾನು ಅಂದುಕೊಂಡೇ ಇಲ್ಲ. "ಪರ್ಬಕ್ಕೆ ನಿಮ್ಮ ಮನೆಯಲ್ಲಿ ಏನು ಕಟ್ಟುತ್ತಿದ್ದಿರಿ?" ಅಂತ ಕೇಳಿ ನೋಡಿ. ಮಾತು ಎಲ್ಲಿಂದ ಎಲ್ಲಿಗೋ ಹೋಗುತ್ತದೆ, ನಡುವೆ ಯಾರೋ ಒಬ್ಬರು ಎದ್ದು ಒಳಗೆ ಹೋಗಿ ಒಂದು ಬಿಸ್ಕೆಟ್ ಡಬ್ಬ ಹಿಡಿದುಕೊಂಡು ಬರುತ್ತಾರೆ.

ಹೋಗುವ ಹೊತ್ತೂ ಮುಖ್ಯ. ಚೌತಿಗೆ ಮೊದಲು, ನವರಾತ್ರಿಗೆ ಮೊದಲು, ಡಿಸೆಂಬರ್ ಮೊದಲ ವಾರ, ಈ ಮೂರು ಸಲ ಎಲ್ಲರೂ ಮನೆ ಗುಡಿಸಿ ಸಾರಿಸುತ್ತಾರೆ. ಆಗಲೇ ಹಳೆಯದು ಹೊರಗೆ ಬೀಳುವುದು. ಮನೆ ಕೆಡವುತ್ತಾರೆ ಅಂತ ಸುದ್ದಿ ಸಿಕ್ಕಿದರೆ ತಡ ಮಾಡಬೇಡಿ. ಮರ, ಹೆಂಚು, ಬಾಗಿಲು ಕೊಂಡುಹೋಗಲು ಜನ ಬಂದೇ ಬರುತ್ತಾರೆ, ಕಾಗದ ಮತ್ತು ಬಿದಿರು ನೇರ ಬೆಂಕಿಗೆ ಹೋಗುತ್ತದೆ.

ಗುಜರಿ ಅಂಗಡಿ ಅದಾದ ಮೇಲೆ. ಮಂಗಳೂರಿನ ಬಂದರು ಕಡೆಯ ಗುಜರಿಗಳಲ್ಲಿ ನನಗೆ ಕಾಗದದ ಸಾಮಾನು ಹೆಚ್ಚು ಸಿಕ್ಕಿಲ್ಲ, ಆದರೆ ಹಿತ್ತಾಳೆಯ ಬಲ್ಬ್ ಹೋಲ್ಡರ್, ಹಳೆ ಸೀರಿಯಲ್ ಬಲ್ಬ್, ಕ್ರಿಸ್‌ಮಸ್‌ಗೆ ತೂಗುಹಾಕುವ ಗಾಜಿನ ಗುಂಡು ಸಿಕ್ಕಿವೆ. ಒಂದೇ ಅಂಗಡಿಗೆ ತಿಂಗಳಿಗೊಮ್ಮೆ ಹೋಗಿ, ಏನೂ ಸಿಗದಿದ್ದರೂ ಮಾತಾಡಿ ಬನ್ನಿ. ಮೂರನೇ ನಾಲ್ಕನೇ ಸಲಕ್ಕೆ ಅವರೇ ನಿಮಗಾಗಿ ತೆಗೆದಿಡುತ್ತಾರೆ.

ಬೆಲೆ ಬಗ್ಗೆ ಒಂದು ಮಾತು. ವಯಸ್ಸಾದವರು "ಸುಮ್ನೆ ತಗೊಂಡು ಹೋಗು ಮಗಾ" ಅಂದರೆ ತಕ್ಷಣ ಎತ್ತಿಕೊಂಡು ಬರಬೇಡಿ. ಮನೆಯ ಉಳಿದವರನ್ನೂ ಕೇಳಿ. ಮಗಳು ಮುಂಬಯಿಯಲ್ಲೋ ದುಬೈಯಲ್ಲೋ ಇದ್ದರೆ ಫೋನ್ ಮಾಡಿಸಿ. ಎಷ್ಟೋ ಸಲ ಆ ಕಡೆಯಿಂದ "ಅಯ್ಯೋ, ಅದು ಇನ್ನೂ ಇದೆಯಾ, ಕೊಡಬೇಡಿ" ಅನ್ನುತ್ತಾರೆ. ಅಂಥ ಕಡೆ ನಾನು ಫೋಟೋ ತೆಗೆದು, ಕತೆ ಬರೆದುಕೊಂಡು, ಹೇಗೆ ಕಾಪಾಡಬೇಕು ಅಂತ ಹೇಳಿ ಬರುತ್ತೇನೆ. ಅದು ಆ ಮನೆಯಲ್ಲೇ ಉಳಿದರೆ ಇನ್ನೂ ಒಳ್ಳೆಯದು ಅಲ್ವಾ.

ಮುಟ್ಟಬಾರದ್ದು

ಭೂತಕೋಲದಲ್ಲಿ ಬಳಸುವ ದೈವದ ಮೊಗ (ಲೋಹದ ಅಥವಾ ಮರದ ಮುಖ), ಬೆನ್ನಿಗೆ ಕಟ್ಟುವ ಅಣಿ, ಕಾಲಿನ ಗಗ್ಗರ, ಖಡ್ಸಲೆ ಎಂಬ ಕತ್ತಿ ಇವು ಅಲಂಕಾರದ ಸಾಮಾನಲ್ಲ. ಹಳೆಯದು, ಚೆಂದ ಇದೆ, ಯಾರೋ ಮಾರುತ್ತಿದ್ದಾರೆ ಅಂತ ಕೊಳ್ಳಬೇಡಿ. ಅವು ಒಂದು ಸ್ಥಾನಕ್ಕೆ, ಒಂದು ಕುಟುಂಬಕ್ಕೆ ಸೇರಿದವು, ಹೊರಗೆ ಮಾರಾಟಕ್ಕೆ ಬಂದಿವೆ ಅಂದರೆ ಕದ್ದು ತಂದದ್ದೂ ಆಗಿರಬಹುದು. ಮೊಗ ಬೇರೆ, ಮುಖವಾಡ ಬೇರೆ. ನಾವು ಕೂಡಿಡುವುದು ಮಕ್ಕಳು ಆಡಿದ್ದು, ಮನೆಯವರು ಕಟ್ಟಿದ್ದು, ಸಂತೆಯಲ್ಲಿ ಕೊಂಡದ್ದು. ಇದರ ಜೊತೆ ಕಾನೂನೂ ಇದೆ. 1972ರ ಪುರಾವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಕಲಾವಸ್ತು ಪುರಾವಸ್ತು ಅನ್ನಿಸಿಕೊಳ್ಳುತ್ತದೆ. ಮರ, ಲೋಹ, ಕಲ್ಲಿನ ಶಿಲ್ಪಗಳಿಗೆ ನೋಂದಣಿ ಬೇಕು, ಪುರಾವಸ್ತುವನ್ನು ದೇಶದ ಹೊರಗೆ ಕಳಿಸುವ ಹಾಗಿಲ್ಲ.

ಎಷ್ಟು ಹಳೆಯದು ಅಂತ ತಿಳಿಯುವುದು

ಇದು ನನಗೆ ಬಹಳ ಇಷ್ಟದ ಕೆಲಸ. ಕಾಗದದ ಮುಖವಾಡ ಸಿಕ್ಕಿದರೆ ಮೊದಲು ತಿರುಗಿಸಿ ಒಳಗೆ ನೋಡಿ. ಅಚ್ಚಿನ ಮೇಲೆ ಹಳೆ ಪೇಪರ್ ಪದರ ಪದರವಾಗಿ ಅಂಟಿಸಿ ಮಾಡಿರುತ್ತಾರೆ, ಹೊರಗೆ ಬಣ್ಣ ಬಳಿದಿದ್ದರೂ ಒಳಗೆ ಅಕ್ಷರ ಹಾಗೇ ಇರುತ್ತವೆ. ಟಾರ್ಚ್ ಹಿಡಿದು ಓದಿ. ತಾರೀಕು ಸಿಕ್ಕಿದರೆ ಅದೃಷ್ಟ. ಪತ್ರಿಕೆಯ ಹೆಸರು ಸಿಕ್ಕಿದರೂ ಸಾಕು. ಉದಯವಾಣಿ ಶುರುವಾದದ್ದು 1970ರಲ್ಲಿ, ಹಾಗಾಗಿ ಒಳಗೆ ಉದಯವಾಣಿ ಇದ್ದರೆ ಮುಖವಾಡ ಅದಕ್ಕಿಂತ ಹಳೆಯದಲ್ಲ. ಮುಂಗಾರು ಪತ್ರಿಕೆಯ ತುಂಡು ಇದ್ದರೆ 1984 ಅಥವಾ ಅದರ ಆಚೆಗೆ. ನನ್ನ ಬಳಿ ಇರುವ ಒಂದು ಸಿಂಹಮುಖದ ಗಲ್ಲದ ಒಳಗೆ ಮಂಗಳೂರಿನ ಟಾಕೀಸೊಂದರ ಸಿನಿಮಾ ಜಾಹೀರಾತು ಇದೆ. ಅದನ್ನು ಹಾಕಿಕೊಂಡ ಹುಡುಗನ ಬಾಯಿಗೆ ತಾಗುವಷ್ಟು ಹತ್ತಿರ.

ಡಬ್ಬ, ರಟ್ಟಿನ ಪೆಟ್ಟಿಗೆ, ಚೀಟಿ ಇದ್ದರೆ ಎಸೆಯಲೇಬೇಡಿ, ಸಾಮಾನಿಗಿಂತ ಹೆಚ್ಚು ವಿಷಯ ಅದರಲ್ಲೇ ಇರುತ್ತದೆ. ಬೆಲೆ ಆಣೆಯಲ್ಲಿದ್ದರೆ ಬಹುಶಃ 1957ಕ್ಕಿಂತ ಹಳೆಯದು. ನಯೇ ಪೈಸೆ ಅಂತಿದ್ದರೆ 1957ರಿಂದ 1964ರ ನಡುವಿನದು. ವಿಳಾಸದಲ್ಲಿ ಪಿನ್ ಕೋಡ್ ಇದ್ದರೆ 1972ರ ಆಗಸ್ಟಿನ ಆಚೆಗೆ. ಮೈಸೂರು ರಾಜ್ಯ ಅಂತಿದ್ದರೆ ಸಾಮಾನ್ಯವಾಗಿ 1973ರ ನವೆಂಬರಿಗೆ ಮೊದಲಿನದು. ಉಡುಪಿ ಅಂತ ಬರೆದು ಕೆಳಗೆ ದಕ್ಷಿಣ ಕನ್ನಡ ಜಿಲ್ಲೆ ಅಂತಿದ್ದರೆ 1997ಕ್ಕಿಂತ ಹಿಂದಿನದು, ಉಡುಪಿ ಜಿಲ್ಲೆ ಆದದ್ದೇ ಆ ವರ್ಷ. ಹಳೆ ಸ್ಟಿಕರ್ ಮುಗಿಯುವ ತನಕ ಅಂಗಡಿಯವರು ಅದನ್ನೇ ಅಂಟಿಸುತ್ತಾರೆ ಅನ್ನುವುದೂ ನೆನಪಿರಲಿ, ಒಂದೆರಡು ವರ್ಷ ಆಚೀಚೆ ಇಟ್ಟುಕೊಳ್ಳಿ.

ಬಿಳಿ ಕಾಗದ ಇದ್ದರೆ ಇನ್ನೊಂದು ಪರೀಕ್ಷೆ ಇದೆ. ಖೋಟಾ ನೋಟು ನೋಡುವ ನೇರಳೆ ಟಾರ್ಚ್ ಸಿಗುತ್ತದಲ್ಲ, ಕತ್ತಲೆ ಕೋಣೆಯಲ್ಲಿ ಅದನ್ನು ಹಿಡಿಯಿರಿ. ಕಾಗದ ನೀಲಿಯಾಗಿ ಹೊಳೆದರೆ ಅದಕ್ಕೆ ಬೆಳ್ಳಗೆ ಕಾಣಿಸುವಂತೆ ಮಾಡುವ ರಾಸಾಯನಿಕ ಹಾಕಿದ್ದಾರೆ. ಅದು ಕಾಗದಕ್ಕೆ ಬರಲು ಶುರುವಾದದ್ದು ಎರಡನೇ ಮಹಾಯುದ್ಧ ಮುಗಿದ ಮೇಲೆ, 1950ರ ಹೊತ್ತಿಗೆ. ಹೊಳೆಯದಿದ್ದರೆ ಹಳೆಯದೇ ಅಂತ ಖಂಡಿತ ಹೇಳಲಾಗುವುದಿಲ್ಲ, ಆದರೆ ಹೊಳೆದರೆ ತೀರಾ ಹಳೆಯದಲ್ಲ ಅನ್ನುವುದು ಖಂಡಿತ. ಅಮೆರಿಕದ ಹ್ಯಾಲೋವೀನ್ ಸಂಗ್ರಹದವರು ನಕಲಿ ಹಿಡಿಯುವುದೂ ಹೀಗೆಯೇ.

ಗ್ಲಾಸ್ ಪೇಪರಿಗೆ ಬೇರೆ ಉಪಾಯ. ಹಳೆಯದು ಮರದ ನಾರಿನಿಂದ ಮಾಡಿದ ಸೆಲೋಫೇನ್, ಈಗಿನದು ಹೆಚ್ಚಾಗಿ ಪ್ಲಾಸ್ಟಿಕ್. ಮೊದಲೇ ಕಳಚಿ ಬಿದ್ದ ಚೂರು ಇದ್ದರೆ ಅದರ ಅಂಚಿಗೆ ಒಂದು ಹನಿ ನೀರು ಹಾಕಿ. ಸೆಲೋಫೇನ್ ನೀರು ಕುಡಿದು ಮೆತ್ತಗಾಗಿ ಸುಕ್ಕಾಗುತ್ತದೆ. ಪ್ಲಾಸ್ಟಿಕ್ಕಿಗೆ ಏನೂ ಆಗುವುದಿಲ್ಲ. ಅಂಟಿಕೊಂಡಿರುವ ಕಾಗದದ ಮೇಲೆ ಮಾತ್ರ ಇದನ್ನು ಮಾಡಬೇಡಿ.

ಹಳೆಯದು ಅಂತ ಹೇಳಿ ಹೊಸದನ್ನು ಹೊಗೆ ಹಾಕಿ, ಚಾ ನೀರು ಬಳಿದು ಮಾರುವವರೂ ಇದ್ದಾರೆ. ಸವೆತ ಎಲ್ಲಿದೆ ನೋಡಿ. ನಿಜವಾಗಿ ಹಾಕಿಕೊಂಡ ಮುಖವಾಡದಲ್ಲಿ ಬೆವರಿನ ಕಲೆ ಒಳಗೆ ಹಣೆ ಮತ್ತು ಗಲ್ಲದ ಹತ್ತಿರ ಇರುತ್ತದೆ, ದಾರ ಕಟ್ಟುವ ತೂತು ಎಳೆದು ಎಳೆದು ಉದ್ದವಾಗಿರುತ್ತದೆ. ಇಡೀ ಮುಖ ಒಂದೇ ಸಮ ಕಂದು ಬಣ್ಣ ಆಗಿ, ತೂತು ಮಾತ್ರ ಹೊಸದಾಗಿ ದುಂಡಗೆ ಇದ್ದರೆ ಬಿಟ್ಟು ಬನ್ನಿ.

ಕತೆ ಅದೇ ದಿನ ಬರೆಯಿರಿ

ಇದನ್ನು ಎಲ್ಲಕ್ಕಿಂತ ಒತ್ತಿ ಹೇಳುತ್ತೇನೆ. ಮೊದಲ ಎರಡು ವರ್ಷ ನಾನು ಸಾಮಾನು ತಂದೆ, ಕತೆ ಆಮೇಲೆ ಕೇಳೋಣ ಅಂದುಕೊಂಡೆ. ಮೂಲ್ಕಿಯ ಒಂದು ಮನೆಯಿಂದ ತಂದ ನಕ್ಷತ್ರದ ಆಕಾರದ ಗೂಡುದೀಪ ಈಗಲೂ ನನ್ನ ಬಳಿ ಇದೆ. ಕೊಟ್ಟ ಅಜ್ಜ ಆರು ತಿಂಗಳಲ್ಲಿ ತೀರಿಕೊಂಡರು. ಅದನ್ನು ಕಟ್ಟಿದ್ದು ಯಾರು, ಯಾವ ವರ್ಷ, ಒಳಗೆ ಒಂದು ಮಗ್ಗುಲಲ್ಲಿ ಮಾತ್ರ ಹಸಿರು ದಾರ ಯಾಕೆ ಸುತ್ತಿದ್ದಾರೆ, ಯಾವುದೂ ಇನ್ನು ಗೊತ್ತಾಗುವುದಿಲ್ಲ. ಎಷ್ಟು ಚೆಂದ ಇದ್ದರೂ ಅದನ್ನು ಕೈಗೆತ್ತಿಕೊಂಡಾಗ ನನಗೆ ಬೇಸರವೇ ಆಗುತ್ತದೆ.

ಹಾಗಾಗಿ ಕ್ರಮ ಹೀಗಿರಲಿ. ಸಾಮಾನನ್ನು ಮೊದಲು ಅವರ ಕೈಗೆ ಕೊಡಿ. ಮೇಜಿನ ಮೇಲಿಟ್ಟು ಕೇಳಬೇಡಿ, ಕೈಗೇ ಕೊಡಿ. ಬೆರಳುಗಳು ಗಂಟು, ತೂತು, ಅಂಟಿನ ಕಲೆ ತಡವುತ್ತಾ ಹೋದ ಹಾಗೆ ಮಾತು ತಾನಾಗಿ ಬರುತ್ತದೆ. ಸುರತ್ಕಲ್ಲಿನ ಒಬ್ಬ ಅಜ್ಜಿ ಹತ್ತು ನಿಮಿಷ ಏನೂ ಹೇಳದೆ ಕುಳಿತಿದ್ದರು. ಪಂಜರವನ್ನು ಮಡಿಲಲ್ಲಿ ತಿರುಗಿಸುತ್ತಾ ಒಂದು ಗಂಟು ಸಿಕ್ಕಿದ್ದೇ "ಉಂದು ಎನ್ನ ಅಣ್ಣೆ ಮಲ್ತಿನ" ಅಂದರು. ನಮ್ಮ ಅಣ್ಣ ಮಾಡಿದ್ದು ಇದು ಅಂತ. ಅಣ್ಣ ಎಡಗೈಯವನಂತೆ, ಅವನ ಗಂಟು ಉಲ್ಟಾ ಬೀಳುತ್ತಿತ್ತಂತೆ. ಅಲ್ಲಿಂದ ಮುಂದೆ ಒಂದು ಗಂಟೆ ನಾನು ಬಾಯಿ ತೆರೆಯಲಿಲ್ಲ.

ಫೋನಿನಲ್ಲಿ ರೆಕಾರ್ಡ್ ಮಾಡಿ, ಕೇಳಿಯೇ ಮಾಡಿ. ಅವರು ತುಳುವಿನಲ್ಲಿ ಮಾತಾಡಲಿ, ಕೊಂಕಣಿಯಲ್ಲಿ ಮಾತಾಡಲಿ, ಬ್ಯಾರಿಯಲ್ಲಿ ಮಾತಾಡಲಿ, ನಿಮಗಾಗಿ ಕನ್ನಡಕ್ಕೆ ತಿರುಗಿಸಿ ಅಂತ ಹೇಳಬೇಡಿ. ಭಾಷೆ ಬದಲಾದರೆ ನೆನಪು ಚಿಕ್ಕದಾಗುತ್ತದೆ. "ಬಾಲ್ಯ ಹೇಗಿತ್ತು?" ಅಂಥ ದೊಡ್ಡ ಪ್ರಶ್ನೆ ಬೇಡ. ಅಂಟಿಗೆ ಏನು ಹಾಕುತ್ತಿದ್ದಿರಿ? ಕಾಗದ ಯಾವ ಅಂಗಡಿಯಿಂದ? ಕತ್ತರಿ ಯಾರ ಕೈಯಲ್ಲಿ? ಎಲ್ಲಿ ತೂಗುಹಾಕುತ್ತಿದ್ದಿರಿ, ಅಂಗಳದಲ್ಲೋ ಚಾವಡಿಯಲ್ಲೋ? ಮುಖವಾಡ ಆದರೆ, ಇದಕ್ಕೆ ಹೆದರುತ್ತಿದ್ದವರು ಯಾರು? ಈ ಕೊನೆಯ ಪ್ರಶ್ನೆ ಎಲ್ಲ ಮನೆಯಲ್ಲೂ ಕೆಲಸ ಮಾಡಿದೆ. ಹುಲಿವೇಷದ ತಾಸೆ ವಾದ್ಯದ ಸದ್ದು ಕೇಳಿದ್ದೇ ಮಂಚದ ಅಡಿ ಹೋಗುತ್ತಿದ್ದ ತಮ್ಮ, ಹುಲಿಯ ಬಾಲ ಮುಟ್ಟಿ ಬಂದು ಇಡೀ ವರ್ಷ ಹೇಳಿಕೊಂಡ ತಂಗಿ, ಎಲ್ಲರೂ ಹೊರಗೆ ಬರುತ್ತಾರೆ.

ಅಕ್ಕ ಒಂದು ಹೇಳುತ್ತಾರೆ, ತಂಗಿ ಇನ್ನೊಂದು ಹೇಳುತ್ತಾರೆ. ಎರಡನ್ನೂ ಬರೆಯಿರಿ. ಯಾವುದು ಸರಿ ಅಂತ ನೀವು ತೀರ್ಮಾನ ಮಾಡಬೇಡಿ.

ಉಡುಪಿಯ ಎಂಜಿಎಂ ಕಾಲೇಜಿನ ಪ್ರಾದೇಶಿಕ ಜಾನಪದ ರಂಗಕಲೆಗಳ ಅಧ್ಯಯನ ಕೇಂದ್ರ ನಮ್ಮ ಊರಿನ ಕುಣಿತ, ಹಾಡು, ಆಚರಣೆಗಳ ದಾಖಲೆ ಮಾಡಿ ಇಟ್ಟಿದೆ. ಬಿ.ಸಿ. ರೋಡಿನ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರದಲ್ಲಿ ಮನೆಬಳಕೆಯ ಸಾಮಾನುಗಳ ದೊಡ್ಡ ಸಂಗ್ರಹ ಇದೆ. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಹಳೆ ಮನೆಗಳನ್ನೇ ಬಿಚ್ಚಿ ತಂದು ಮತ್ತೆ ಕಟ್ಟಿದ ಹೆರಿಟೇಜ್ ವಿಲೇಜ್ ಇದೆ. ಶುರು ಮಾಡುವ ಮೊದಲು ಒಂದು ದಿನ ಹೋಗಿ ನೋಡಿ ಬನ್ನಿ. ಬಳಸಿ ಸವೆದ ಸಾಮಾನನ್ನು ಗೌರವದಿಂದ ಇಡುವುದು ಹೇಗೆ ಅಂತ ಕಣ್ಣಿಗೇ ತಿಳಿಯುತ್ತದೆ.

ಮನೆಗೆ ಬಂದ ಮೇಲೆ ಪ್ರತಿ ಸಾಮಾನಿಗೂ ಒಂದು ನಂಬರ್ ಕೊಟ್ಟು ಪುಸ್ತಕದಲ್ಲಿ ಬರೆಯಿರಿ. ಸಾಮಾನಿನ ಮೇಲೆ ಸ್ಟಿಕರ್ ಬೇಡ, ಪೆನ್ನಿನಲ್ಲಿ ಬರೆಯುವುದೂ ಬೇಡ. ಸಣ್ಣ ಚೀಟಿಯಲ್ಲಿ ಪೆನ್ಸಿಲಿನಿಂದ ನಂಬರ್ ಬರೆದು ಹತ್ತಿಯ ದಾರದಲ್ಲಿ ಕಟ್ಟಿ. ಪುಸ್ತಕದ ಫೋಟೋ ತೆಗೆದು ಬೇರೆ ಕಡೆ ಇನ್ನೊಂದು ಪ್ರತಿ ಇಟ್ಟುಕೊಳ್ಳಿ.

ತೊಳೆಯಬೇಡಿ

ಹೊಸದಾಗಿ ಶುರು ಮಾಡುವವರು ಹಾಳು ಮಾಡುವುದು ಹೆಚ್ಚಾಗಿ ಇಲ್ಲೇ. ಮೆತ್ತನೆ ಬ್ರಷ್ ಸಾಕು. ಬಣ್ಣ ಬಳಿಯುವ ಅಗಲ ಬ್ರಷ್ ಹೊಸದೊಂದು ಇಟ್ಟುಕೊಂಡು, ಮೇಲಿನಿಂದ ಕೆಳಗೆ, ಬಾಗಿಲು ತೆರೆದಿಟ್ಟು, ಮಾಸ್ಕ್ ಹಾಕಿ ಧೂಳು ತೆಗೆಯಿರಿ. ಕಾಗದಕ್ಕೆ ನೀರು ಬೇಡ, ಪ್ಲಾಸ್ಟರ್ ಗೊಂಬೆಗೂ ಬೇಡ. ಗಾಜಿನ ಗುಂಡುಗಳಿಗೆ ಒಳಗಿನಿಂದ ಬೆಳ್ಳಿಯಂಥ ಪದರ ಇರುತ್ತದೆ, ಮೇಲಿನ ತಗಡಿನ ಟೊಪ್ಪಿಯ ಸಂದಿಯಲ್ಲಿ ನೀರು ಇಳಿದರೆ ಆ ಪದರ ಎದ್ದು ಹೋಗುತ್ತದೆ. ಒಣ ಬಟ್ಟೆಯಲ್ಲಿ ಮೆಲ್ಲಗೆ ಒರೆಸಿದರೆ ಆಯಿತು.

ಮಸಿ, ಮೇಣದ ಹನಿ, ಅರಿಶಿನದ ಕೈ ಗುರುತು ಇವು ಕೊಳೆ ಅಲ್ಲ, ಬಿಟ್ಟುಬಿಡಿ. ಅಜ್ಜನ ಗೂಡುದೀಪದ ಒಂದು ಕಡ್ಡಿಯ ಮಸಿಯನ್ನು ನಾನು ಮೊದಲ ದಿನದ ಉತ್ಸಾಹದಲ್ಲಿ ಒರೆಸಿಬಿಟ್ಟೆ. ಉಳಿದ ಮೂರು ಕಡ್ಡಿ ಕಪ್ಪಗಿವೆ, ಅದೊಂದು ಬೆಳ್ಳಗಿದೆ. ನೋಡಿದಾಗಲೆಲ್ಲ ಅದೇ ಕಣ್ಣಿಗೆ ಬೀಳುತ್ತದೆ.

ಅಂಟಿಸಬೇಕಾದರೆ ಸೆಲೋಟೇಪ್ ಬೇಡ, ಫೆವಿಕಾಲ್ ಬೇಡ. ಟೇಪ್ ಹಳದಿಯಾಗಿ ಕಾಗದದ ಒಳಗೆ ಎಣ್ಣೆ ಇಳಿಸುತ್ತದೆ, ಫೆವಿಕಾಲ್ ಒಣಗಿದ ಮೇಲೆ ಬಿಡಿಸಲು ಬರುವುದಿಲ್ಲ. ನಮ್ಮ ಹಿರಿಯರ ಮೈದಾ ಅಂಟೇ ಒಳ್ಳೆಯದು. ಒಂದು ಚಮಚ ಮೈದಾಕ್ಕೆ ಐದಾರು ಚಮಚ ನೀರು, ಗಂಟಿಲ್ಲದ ಹಾಗೆ ಕಲಸಿ, ಸಣ್ಣ ಉರಿಯಲ್ಲಿ ಪಾರದರ್ಶಕ ಆಗುವ ತನಕ ಕಾಯಿಸಿ, ಆರಿಸಿ ತೆಳ್ಳಗೆ ಹಚ್ಚಿ. ನಾಳೆ ತಪ್ಪಾಗಿದೆ ಅನ್ನಿಸಿದರೆ ತೇವ ಮಾಡಿ ಬಿಡಿಸಬಹುದು. ಹಿಂದೆ ಹುಳ ಬಾರದಿರಲಿ ಅಂತ ಅಂಟಿಗೆ ಮೈಲುತುತ್ತ ಸೇರಿಸುತ್ತಿದ್ದರು. ಅದು ವಿಷ, ನೀವು ಸೇರಿಸಬೇಡಿ. ಹಳೆ ಅಂಟಿನಲ್ಲಿ ಇರಬಹುದು, ಹಾಗಾಗಿ ಕೆಲಸ ಮುಗಿದ ಮೇಲೆ ಕೈ ತೊಳೆಯಿರಿ.

ಮುರಿದದ್ದನ್ನೆಲ್ಲ ಸರಿ ಮಾಡಬೇಕಾಗಿಲ್ಲ. ಕಲ್ಯಾಣಪುರದ ಒಂದು ಮನೆಯವರು ಕೊಟ್ಟ ಗೋದಲಿಯ ಒಂಟೆಗೆ ಒಂದು ಕಾಲಿಲ್ಲ, ಬದಲಿಗೆ ಬೆಂಕಿಕಡ್ಡಿ ಸಿಕ್ಕಿಸಿದ್ದಾರೆ. ಆ ಮನೆಯ ಅಪ್ಪ ಸಿಕ್ಕಿಸಿದ್ದಂತೆ, ಮಕ್ಕಳು ಒಂಟೆ ಬೀಳಿಸಿ ಅಳುತ್ತಾ ನಿಂತಿದ್ದಾಗ, ಕ್ರಿಸ್‌ಮಸ್ ಹಿಂದಿನ ಸಂಜೆ. ಗೋದಲಿಗೆಂದು ಬಿತ್ತಿ ಬೆಳೆಸಿದ ಭತ್ತದ ಹಸಿರಿನ ನಡುವೆ ಕಾಲು ಕಾಣದ ಹಾಗೆ ನಿಲ್ಲಿಸಿದರಂತೆ. ಮುಂದೆ ಪ್ರತಿ ವರ್ಷ ಒಂಟೆಯ ಜಾಗ ಅದೇ ಆಯಿತು. ಆ ಬೆಂಕಿಕಡ್ಡಿ ತೆಗೆದು ಪ್ಲಾಸ್ಟರ್ ಕಾಲು ಹಾಕಿದರೆ ಉಳಿಯುವುದು ಅಂಗಡಿಯ ಒಂಟೆ.

ಮಳೆಗಾಲ ದಾಟಿಸುವುದು

ನಮ್ಮ ಊರಿನ ದೊಡ್ಡ ಕಷ್ಟ ಇದೇ. ಮಂಗಳೂರಿಗೆ ವರ್ಷಕ್ಕೆ 3500 ಮಿಲಿಮೀಟರಿಗಿಂತ ಜಾಸ್ತಿ ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಗಾಳಿಯ ತೇವ 65 ಶೇಕಡ ದಾಟಿ ಹಾಗೇ ನಿಂತರೆ ಬೂಷ್ಟು ಹಿಡಿಯುತ್ತದೆ, ಜುಲೈಯಲ್ಲಿ ನಮ್ಮ ಮನೆಯೊಳಗೆ ಅದು 85 ತೋರಿಸುತ್ತದೆ. ತೇವ ಅಳೆಯುವ ಪುಟ್ಟ ಮೀಟರ್ ಆನ್‌ಲೈನಿನಲ್ಲಿ ಸಿಗುತ್ತದೆ, ಒಂದು ತಂದಿಟ್ಟುಕೊಳ್ಳಿ.

ಹಿಂದೆ ಇವು ಉಳಿದದ್ದು ಹೇಗೆ ಅಂತ ನೋಡಿ. ಅಡುಗೆಮನೆಯ ಮೇಲಿನ ಅಟ್ಟಕ್ಕೆ ದಿನವೂ ಒಲೆಯ ಹೊಗೆ ಹೋಗುತ್ತಿತ್ತು. ಬಿಸಿಗೆ ತೇವ ಇಳಿಯುತ್ತಿತ್ತು, ಹೊಗೆಗೆ ಬಿದಿರು ಕೊರೆಯುವ ಕುಟ್ಟೆ ಹುಳ ಹತ್ತಿರ ಬರುತ್ತಿರಲಿಲ್ಲ. ಜೊತೆಗೆ ಬಿದಿರನ್ನು ಕಡಿದ ಮೇಲೆ ಕೆಲವು ವಾರ ನೀರಿನಲ್ಲಿ ಮುಳುಗಿಸಿ ಇಡುತ್ತಿದ್ದರು. ಕುಟ್ಟೆ ಬರುವುದು ಬಿದಿರಿನೊಳಗಿನ ಗಂಜಿಯಂಥ ಹಿಟ್ಟಿಗೆ, ನೀರಿನಲ್ಲಿ ಅದು ಕರಗಿ ಹೋಗುತ್ತದೆ. ಈಗ ಗ್ಯಾಸ್ ಒಲೆ, ಕಾಂಕ್ರೀಟ್ ಮನೆ. ಆ ಅಟ್ಟದ ಕೆಲಸ ನಾವೇ ಮಾಡಬೇಕು.

ನಾನು ಮಾಡುವುದು ಇಷ್ಟು. ಏಪ್ರಿಲ್ ಕೊನೆಯಲ್ಲಿ, ಮಳೆ ಶುರುವಾಗುವ ಮೊದಲೇ, ಎಲ್ಲವನ್ನೂ ಗಟ್ಟಿ ಮುಚ್ಚಳದ ಪ್ಲಾಸ್ಟಿಕ್ ಪೆಟ್ಟಿಗೆಗಳಿಗೆ ಹಾಕುತ್ತೇನೆ. ಮಳೆ ಬಂದ ಮೇಲೆ ಮುಚ್ಚಿದರೆ ತೇವವನ್ನೇ ಒಳಗೆ ಕೂಡಿಹಾಕಿದ ಹಾಗೆ. ಮೊದಲ ವರ್ಷ ಜೂನ್ ಮಧ್ಯದಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟು ಎರಡು ಮುಖವಾಡ ಕಳೆದುಕೊಂಡೆ, ಚೌತಿಗೆ ತೆರೆದಾಗ ಬೂದು ಬಣ್ಣದ ಬೂಷ್ಟಿನ ಮುದ್ದೆ. ಸುತ್ತಲು ನ್ಯೂಸ್ ಪೇಪರ್ ಬೇಡ, ಅದರ ಆಮ್ಲ ಕಾಗದವನ್ನು ಕಂದು ಮಾಡುತ್ತದೆ. ಹಳೆಯ ಬಿಳಿ ಮುಂಡು ಒಳ್ಳೆಯದು. ಗಂಜಿ, ನೀಲಿ ಹಾಕದೆ ಎರಡು ಸಲ ಬರೀ ನೀರಿನಲ್ಲಿ ತೊಳೆದು ಒಣಗಿಸಿರಬೇಕು, ಗಂಜಿ ಇದ್ದರೆ ಹುಳಕ್ಕೆ ಊಟ.

ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಇಡಿ. ಕಿತ್ತಳೆ ಬಣ್ಣದ್ದು ತೇವ ಕುಡಿದ ಮೇಲೆ ಹಸಿರಾಗುತ್ತದೆ. ಆಗ ತೆಗೆದು ಓವನ್‌ನಲ್ಲಿ ಸುಮಾರು 120 ಡಿಗ್ರಿಯಲ್ಲಿ ಎರಡು ಮೂರು ಗಂಟೆ ಕಾಯಿಸಿದರೆ ಮತ್ತೆ ಕಿತ್ತಳೆ. ನೀಲಿಯದರಲ್ಲಿ ಕೋಬಾಲ್ಟ್ ಇರುತ್ತದೆ, ಮನೆಯಲ್ಲಿ ಮಕ್ಕಳಿದ್ದರೆ ಕೊಳ್ಳಬೇಡಿ. ಕಾಯಿಸುವ ತಟ್ಟೆ ಅಡುಗೆಯದ್ದು ಬೇಡ. ನುಸಿಗುಳಿಗೆಯೂ ಬೇಡ, ಅದರ ಗಾಳಿ ನಮಗೂ ಒಳ್ಳೆಯದಲ್ಲ, ಹಳೆ ಪ್ಲಾಸ್ಟಿಕ್ಕಿಗೂ ಅಲ್ಲ. ತಾಳೆಗರಿಯ ಕಟ್ಟುಗಳಿಗೆ ಹಾಕುವ ಹಾಗೆ ಬಜೆಯ ತುಂಡನ್ನು ಬಟ್ಟೆಯಲ್ಲಿ ಕಟ್ಟಿ ಮೂಲೆಗೆ ಇಡಬಹುದು.

ಕೆಳಗೆ ಸಣ್ಣ ಹಳದಿ ಹುಡಿ ಬಿದ್ದಿದ್ದರೆ ಕುಟ್ಟೆ ಹಿಡಿದಿದೆ ಅಂತ. ಕಾಗದ ಇಲ್ಲದ ಬರೀ ಬಿದಿರಾದರೆ ನಾಲ್ಕೈದು ದಿನ ಗಟ್ಟಿ ಬಿಸಿಲಿಗೆ ಇಡಿ. ಕಾಗದ ಇದ್ದರೆ ಬಿಸಿಲು ಬೇಡ, ಬಣ್ಣ ಹೋಗುತ್ತದೆ. ಗಾಳಿ ತೆಗೆದ ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿ ಮನೆಯ ಫ್ರೀಜರಿನಲ್ಲಿ ಎರಡು ವಾರ ಇಡಿ, ಮೈನಸ್ 18 ಡಿಗ್ರಿಯಲ್ಲಿ ಹುಳ, ಮೊಟ್ಟೆ ಎರಡೂ ಸಾಯುತ್ತವೆ. ಹೊರಗೆ ತೆಗೆದ ಮೇಲೆ ಒಂದು ಇಡೀ ದಿನ ಚೀಲ ತೆರೆಯಬೇಡಿ, ತೆರೆದರೆ ನೀರು ಹನಿಯುತ್ತದೆ. ಗಾಜು, ಮೇಣ, ದಪ್ಪ ಬಣ್ಣ ಬಳಿದ ಮುಖವಾಡಗಳನ್ನು ಫ್ರೀಜರಿಗೆ ಹಾಕಬಾರದು, ಒಡೆಯುತ್ತವೆ.

ಮತ್ತೆ ತೂಗುಹಾಕುವುದು

ಹಳೆ ಸೀರಿಯಲ್ ಬಲ್ಬಿಗೆ, ಬಟ್ಟೆ ಸುತ್ತಿದ ವಯರಿಗೆ ಕರೆಂಟ್ ಕೊಡಬೇಡಿ. ನೋಡಲು ಇಟ್ಟುಕೊಳ್ಳಿ, ಉರಿಸಲು ಬೇಡ. ಗಟ್ಟಿಯಾಗಿರುವ ಹಳೆ ಗೂಡುದೀಪವಾದರೆ ಒಳಗೆ ಬ್ಯಾಟರಿಯ ಸಣ್ಣ ಎಲ್‌ಇಡಿ ಇಟ್ಟು ಒಂದು ಸಂಜೆ ಚಾವಡಿಯಲ್ಲಿ ತೂಗುಹಾಕಬಹುದು. ಅಂಗಳಕ್ಕೆ ಬೇಡ, ಪರ್ಬದ ಹೊತ್ತಿಗೆ ನಮ್ಮಲ್ಲಿ ಇನ್ನೂ ಮಳೆ ಬರುವುದುಂಟು.

ಮುರಿಯುವ ಹಾಗಿದ್ದರೆ ಅಳತೆ ತೆಗೆದು ಅದರ ಹಾಗೆಯೇ ಹೊಸದನ್ನು ಕಟ್ಟಿ. ನಾನು ಅಜ್ಜನ ಪಂಜರಕ್ಕೆ ಕಾಗದ ಅಂಟಿಸಲಿಲ್ಲ. ಕಡ್ಡಿ ಕಡ್ಡಿಯ ಉದ್ದ ಬರೆದುಕೊಂಡು, ಗಂಟಿನ ಫೋಟೋ ತೆಗೆದು, ಹೊಸ ಬಿದಿರಿನಲ್ಲಿ ಮಾಡಿದೆ. ಬಿದಿರು ಸೀಳುವುದು ಕಲಿಯಲು ದೀಪಾವಳಿ ಹೊತ್ತಿನಲ್ಲಿ ಕುದ್ರೋಳಿ ಗೋಕರ್ಣನಾಥ ದೇವಸ್ಥಾನದಲ್ಲಿ ನಡೆಯುವ ಗೂಡುದೀಪ ಸ್ಪರ್ಧೆಗೆ ಹೋಗಿ, ಸಾಂಪ್ರದಾಯಿಕ ವಿಭಾಗದಲ್ಲಿ ಕಟ್ಟುವವರ ಹತ್ತಿರ ಮಾತಾಡಿ. ಕೇಳಿದರೆ ಖುಷಿಯಿಂದ ಹೇಳಿಕೊಡುತ್ತಾರೆ. ನನಗೆ ಒಬ್ಬರು ಕಡ್ಡಿಯನ್ನು ಹಣತೆಯ ಉರಿಗೆ ಹಿಡಿದು ಬಗ್ಗಿಸುವುದು ತೋರಿಸಿಕೊಟ್ಟರು.

ಮೇಲೆ ಎಳೆಯಲು ರಾಟೆ ಬೇಕಾಗಿಲ್ಲ. ಕೋಲಿನ ತುದಿಗೆ ಒಂದು ಕಬ್ಬಿಣದ ಬಳೆ ಕಟ್ಟಿದರೆ ಸಾಕು, ಅಜ್ಜನೂ ಹಾಗೇ ಮಾಡುತ್ತಿದ್ದರು. ಹಗ್ಗ ಮಾತ್ರ ತೆಂಗಿನ ನಾರಿನದ್ದೇ ತನ್ನಿ. ನೈಲಾನ್ ಹಗ್ಗ ಜಾರುತ್ತದೆ, ಸಣ್ಣ ಮಕ್ಕಳ ಕೈಗೆ ಹಿಡಿತ ಸಿಗುವುದಿಲ್ಲ, ಒಮ್ಮೆ ಜಾರಿದರೆ ದೀಪ ಜೋರಾಗಿ ಕೆಳಗೆ ಬರುತ್ತದೆ. ಹಗ್ಗದ ಉದ್ದ ಕೋಲಿನ ಎರಡರಷ್ಟು, ಅದರ ಮೇಲೆ ಎರಡು ಮೊಳ ಹೆಚ್ಚು ಇರಲಿ, ಇಬ್ಬರು ಮಕ್ಕಳು ಒಟ್ಟಿಗೆ ಹಿಡಿಯಲು.